ಕೋಳಿಗೆ ಹುಳಿ ಬರಿಸಿದ ಕಾಳು: ವರ್ಷ ದಾಟಿದರೂ ಬಿಟ್ಟಿಲ್ಲ

ಕಾಳು ನೆನೆಸಿ ಹುಳಿ ಬರಿಸಿ ಹಾಕಿದರೆ ಮೊಟ್ಟೆ ಜಾಸ್ತಿ ಆಗುತ್ತಾ ಅಂತ ಹಿತ್ತಲಲ್ಲಿ ಕೋಳಿ ಸಾಕುವವರೆಲ್ಲ ಕೇಳುತ್ತಾರೆ. ನಮ್ಮ ಮನೆಯಲ್ಲಿ ಆಗಿಲ್ಲ. ಆದರೂ ವರ್ಷದ ಮೇಲಾಯಿತು, ಇದನ್ನು ಬಿಡುವ ಮನಸ್ಸಾಗಿಲ್ಲ. ಕಾರಣ ಒಂದೇ, ಮೇವು ದಂಡವಾಗುವುದು ನಿಂತಿದೆ.

ನಮ್ಮೂರು ಮೈಸೂರಿನ ಹತ್ತಿರ. ಸಾಕಿರುವುದು ಒಂದಷ್ಟು ಗಿರಿರಾಜ, ಒಂದಷ್ಟು ನಾಟಿ. ಒಣ ಮೇವು ಹಾಕುತ್ತಿದ್ದಾಗ ಇವು ಮುಸುಕಿನ ಜೋಳದ ನುಚ್ಚನ್ನು ಆರಿಸಿ ತಿಂದು, ಪುಡಿಯನ್ನೆಲ್ಲ ತಟ್ಟೆಯ ತಳದಲ್ಲೇ ಬಿಡುತ್ತಿದ್ದವು. ಕಾಲಲ್ಲಿ ಕೆದರಿ ಕೆದರಿ ರಾಗಿ ಮಣ್ಣುಪಾಲಾಗುತ್ತಿತ್ತು. ರಾತ್ರಿ ಅದಕ್ಕೆ ಇಲಿ ಬರುತ್ತಿತ್ತು. ಮೊಟ್ಟೆ ಇಡುವ ಕೋಳಿಗೆ ದಿನಕ್ಕೆ 100ರಿಂದ 120 ಗ್ರಾಂ ಒಣ ಮೇವು ಸಾಕು. ನಾವು ಸುರಿಯುತ್ತಿದ್ದದ್ದು ಅದಕ್ಕಿಂತ ಎಷ್ಟೋ ಹೆಚ್ಚು. ಈಗ ಮೇವು ಒದ್ದೆಯಾಗಿರುವುದರಿಂದ ಪುಡಿ ಕಾಳಿಗೆ ಮೆತ್ತಿಕೊಂಡಿರುತ್ತದೆ. ಆರಿಸಿ ತಿನ್ನುವ ಹಾಗೇ ಇಲ್ಲ. ತಳ ಕಾಣುವ ತನಕ ಕುಕ್ಕುತ್ತವೆ.

ಮಾಡುವುದು ಹೀಗೆ. ತಿನ್ನುವ ಪದಾರ್ಥ ಇಡಬಹುದಾದಂಥ ಪ್ಲಾಸ್ಟಿಕ್ ಬಕೆಟ್ ತಗೊಳ್ಳಿ. ಅದಕ್ಕೆ ಮುಸುಕಿನ ಜೋಳದ ನುಚ್ಚು, ರಾಗಿ, ನುಚ್ಚಕ್ಕಿ, ಸ್ವಲ್ಪ ಗೋಧಿ ಬೂಸಾ ಹಾಕಿ. ಮೇಲೆ ಎರಡು ಬೆರಳಿನಷ್ಟು ನೀರು ನಿಲ್ಲಬೇಕು. ಕಾಳು ನೀರು ಕುಡಿದು ಉಬ್ಬುತ್ತದೆ, ಸಂಜೆ ನೋಡಿ ಮತ್ತೆ ಸೇರಿಸಬೇಕು. ನಾವು ಬೋರ್‌ವೆಲ್ ನೀರು ಬಳಸುತ್ತೇವೆ. ಕ್ಲೋರಿನ್ ಹಾಕಿದ ನಲ್ಲಿ ನೀರಾದರೆ ರಾತ್ರಿಯೆಲ್ಲ ತೆರೆದಿಟ್ಟು ಬಳಸುವುದು ಒಳ್ಳೆಯದು. ಗ್ಯಾಸ್ ಹೊರಗೆ ಹೋಗಬೇಕಲ್ವಾ, ಮುಚ್ಚಳ ಬಿಗಿ ಮಾಡಬೇಡಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಕೋಲಿನಲ್ಲಿ ತಳದಿಂದ ಕಲಕಬೇಕು. ಎರಡನೇ ದಿನ ಕಲಕುವಾಗ ಸಣ್ಣ ಗುಳ್ಳೆಗಳು ಬುಸ್ ಅಂತ ಮೇಲೆ ಬರುತ್ತವೆ, ನೀರು ಬೆಳ್ಳಗೆ ಮಬ್ಬಾಗುತ್ತದೆ. ದೋಸೆ ಹಿಟ್ಟಿನ ಹಾಗೆ ಹುಳಿ ವಾಸನೆ ಬಂದರೆ ಹದ ಬಂತು ಅಂತ ಅರ್ಥ. ಬೇಸಿಗೆಯಲ್ಲಿ ಒಂದೂವರೆ ದಿನಕ್ಕೇ ಆಗುತ್ತದೆ, ಡಿಸೆಂಬರ್ ಚಳಿಯಲ್ಲಿ ಮೂರು ದಿನ ಹಿಡಿಯುತ್ತದೆ. ಹಳೇ ಹುಳಿ ನೀರು ಒಂದು ಲೋಟ ಉಳಿಸಿ ಮುಂದಿನ ಬಕೆಟ್‌ಗೆ ಹಾಕಿದರೆ ಇನ್ನೂ ಬೇಗ.

ಈ ಹುಳಿ ಲ್ಯಾಕ್ಟಿಕ್ ಆಮ್ಲದ್ದು. ಅದು ಕೆಟ್ಟ ಬ್ಯಾಕ್ಟೀರಿಯಾ ಬೆಳೆಯದ ಹಾಗೆ ತಡೆಯುತ್ತದೆ. ಕಾಳಿನಲ್ಲಿರುವ ರಂಜಕದ ಹೆಚ್ಚು ಪಾಲು ಫೈಟಿಕ್ ಆಮ್ಲದಲ್ಲಿ ಸಿಕ್ಕಿಕೊಂಡಿರುತ್ತದೆ, ಕೋಳಿಗೆ ಸರಿಯಾಗಿ ದಕ್ಕುವುದಿಲ್ಲ. ನೆನೆದು ಹುಳಿ ಬಂದಾಗ ಅದರಲ್ಲಿ ಸ್ವಲ್ಪ ಬಿಡುಗಡೆಯಾಗುತ್ತದೆ.

ಲೇಯರ್ ಮ್ಯಾಶ್, ಅಂದರೆ ಮೊಟ್ಟೆ ಕೋಳಿಗೆಂದು ಅಂಗಡಿಯಲ್ಲಿ ಸಿಗುವ ಸಿದ್ಧ ಪುಡಿ ಮೇವನ್ನು ಮಾತ್ರ ಬಕೆಟ್‌ಗೆ ಹಾಕಬೇಡಿ. ಅದರಲ್ಲಿರುವ ಸುಣ್ಣಕಲ್ಲಿನ ಪುಡಿ ಹುಳಿಯನ್ನು ಮುರಿಯುತ್ತದೆ, ಮೇವು ಅಂಟಂಟಾಗುತ್ತದೆ. ಹಾಗಂತ ಮ್ಯಾಶ್ ಬಿಟ್ಟೇಬಿಡುವ ಹಾಗೂ ಇಲ್ಲ. ಮೊಟ್ಟೆ ಇಡುವ ಕೋಳಿಯ ಮೇವಿನಲ್ಲಿ ಶೇಕಡಾ 16ರಷ್ಟಾದರೂ ಪ್ರೋಟೀನ್ ಇರಬೇಕು, ಬರೀ ಕಾಳಲ್ಲಿ ಅಷ್ಟು ಸಿಗುವುದಿಲ್ಲ. ಹಾಗಾಗಿ ಹುಳಿ ಕಾಳನ್ನು ಜರಡಿಯಲ್ಲಿ ಬಸಿದು, ಹಾಕುವ ಹೊತ್ತಿಗೆ ಒಣ ಮ್ಯಾಶ್ ಮತ್ತು ಒಂದು ಹಿಡಿ ಕಡಲೆಕಾಯಿ ಹಿಂಡಿ ಕಲಸುತ್ತೇನೆ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಬಿಟ್ಟರೆ ಉದುರಬೇಕು. ಕಪ್ಪೆಚಿಪ್ಪಿನ ಪುಡಿ ಬೇರೆ ಬಟ್ಟಲಲ್ಲಿ ಇಡುತ್ತೇನೆ.

ತಾಪತ್ರಯವೂ ಇದೆ. ಮಳೆಗಾಲದಲ್ಲಿ ಬಕೆಟ್ ಸುತ್ತ ಸಣ್ಣ ನೊಣ. ತೆಳು ಬಟ್ಟೆ ಕಟ್ಟಿದರೆ ತಡೆಯುತ್ತದೆ. ತಟ್ಟೆಯನ್ನು ದಿನಾ ತೊಳೆಯಲೇಬೇಕು, ಮಧ್ಯಾಹ್ನಕ್ಕೆ ಉಳಿದದ್ದನ್ನು ತೆಗೆಯಲೇಬೇಕು. ಇಷ್ಟು ಪುರಸೊತ್ತಿಲ್ಲದವರಿಗೆ ಒಣ ಮೇವೇ ವಾಸಿ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಗಮನವಿಟ್ಟು ಓದಿ. ನೀರಿನ ಮೇಲೆ ತೆಳ್ಳಗೆ ಬಿಳಿ ಪೊರೆ ಕಟ್ಟಿದರೆ ಹೆದರಬೇಕಿಲ್ಲ, ಅದು ಯೀಸ್ಟ್. ಹಸಿರು, ಕಪ್ಪು ನಾರುನಾರಾದ ಬೂಷ್ಟು ಕಂಡರೆ ಇಡೀ ಬಕೆಟ್ ಚೆಲ್ಲಿ. ಕೆಲವರು ಬೂಷ್ಟು ಹಿಡಿದ ಜೋಳ ಅಗ್ಗಕ್ಕೆ ಸಿಕ್ಕಿತು ಅಂತ ತಂದು, ಹುಳಿ ಬರಿಸಿದರೆ ಸರಿಹೋಗುತ್ತದೆ ಅಂದುಕೊಳ್ಳುತ್ತಾರೆ. ಹೋಗುವುದಿಲ್ಲ. ಅದರಲ್ಲಿ ಅಫ್ಲಾಟಾಕ್ಸಿನ್ ವಿಷ ಇರಬಹುದು, ಅದು ಕೋಳಿಯ ಪಿತ್ತಜನಕಾಂಗವನ್ನೇ ಹಾಳು ಮಾಡುತ್ತದೆ. ಮುಸುಕಿನ ಜೋಳ, ಕಡಲೆಕಾಯಿ ಹಿಂಡಿ ಎರಡಕ್ಕೂ ಈ ಕಾಟ ಜಾಸ್ತಿ. ಕೊಳ್ಳುವಾಗಲೇ ಮೂಸಿ ನೋಡಿ.

ಮೊಟ್ಟೆಯ ಹಳದಿ ಭಾಗದ ಬಣ್ಣ ಗಾಢವಾಗಬೇಕು ಅನ್ನುವವರು ನುಗ್ಗೆಸೊಪ್ಪು ಹಾಕಲಿ, ಹುಳಿಗೂ ಬಣ್ಣಕ್ಕೂ ಸಂಬಂಧವಿಲ್ಲ. ಹುಳಿ ಕಾಳನ್ನು ಔಷಧಿ ಅಂತ ಯಾರಾದರೂ ಹೇಳಿದರೂ ನಂಬಬೇಡಿ. ಕೊಕ್ಕರೆ ರೋಗ (ರಾಣಿಖೇತ್) ಬಂದರೆ ಯಾವ ಮೇವೂ ಕೋಳಿಯನ್ನು ಉಳಿಸುವುದಿಲ್ಲ. ಅದನ್ನು ತಡೆಯುವ ಲಸಿಕೆಗಳು, ಅಂದರೆ ಮರಿಗೆ ಮೊದಲ ವಾರದ ಲಸೋಟಾ ಹನಿ, ಎಂಟನೇ ವಾರದ ಆರ್‌ಟುಬಿ ಚುಚ್ಚುಮದ್ದು, ನಮ್ಮಲ್ಲಿ ಮೊದಲಿನ ಹಾಗೇ ನಡೆಯುತ್ತಿದೆ.