9800ಎಕ್ಸ್3ಡಿ ಮತ್ತು 265ಕೆ: ಎರಡನ್ನೂ ಓಡಿಸಿ ನೋಡಿದ ಮೇಲೆ

ಗೇಮ್ ಆಡೋಕೆ ಯಾವ ಪ್ರೊಸೆಸರ್ ಒಳ್ಳೇದು ಅಂತ ಯಾರನ್ನೇ ಕೇಳಿ, ಎಎಂಡಿಯ ರೈಜೆನ್ 7 9800ಎಕ್ಸ್3ಡಿ ಅಂತಾರೆ. ಉತ್ತರ ಸರಿಯೇ. ಆದರೆ ನಿಮ್ಮ ಮಾನಿಟರ್ ಯಾವುದು, ಗ್ರಾಫಿಕ್ಸ್ ಕಾರ್ಡ್ ಯಾವುದು, ಗೇಮ್ ಬಿಟ್ಟು ಬೇರೇನು ಮಾಡ್ತೀರಿ ಅಂತ ಯಾರೂ ತಿರುಗಿ ಕೇಳುವುದಿಲ್ಲ. ದುಡ್ಡು ಸುಮ್ನೆ ಖರ್ಚಾಗುವುದು ಅಲ್ಲೇ.

ನನ್ನ ಮಷೀನ್‌ನಲ್ಲಿ ಇರುವುದು 9800ಎಕ್ಸ್3ಡಿ. ಬಳ್ಳಾರಿಯಲ್ಲಿ ಮದುವೆ ವಿಡಿಯೋ ಮಾಡುವ ಚಿಕ್ಕಪ್ಪನ ಮಗನಿಗೆ ಜೋಡಿಸಿಕೊಟ್ಟಿದ್ದು ಇಂಟೆಲ್ ಕೋರ್ ಅಲ್ಟ್ರಾ 7 265ಕೆ. ಅದು ಬಳ್ಳಾರಿ ಸೇರುವ ಮೊದಲು ಸ್ವಲ್ಪ ಕಾಲ ನನ್ನ ಹತ್ತಿರವೇ ಇತ್ತು. ಒಂದೇ ಆರ್‌ಟಿಎಕ್ಸ್ 4070 ಸೂಪರ್ ಕಾರ್ಡನ್ನು ಅದಕ್ಕೂ ಇದಕ್ಕೂ ಬದಲಿಸಿ ಹಾಕಿ ನೋಡಿದೆ. ಎರಡರಲ್ಲೂ 32 ಜಿಬಿ ಡಿಡಿಆರ್5-6000 ಮೆಮೊರಿ.

ಎರಡೂ 2024ರ ಚಿಪ್‌ಗಳು. 265ಕೆ ಅಕ್ಟೋಬರ್ ಕೊನೆಗೆ ಬಂತು, ಆಗಿನ ಬೆಲೆ 394 ಡಾಲರ್. ಎರಡೇ ವಾರದಲ್ಲಿ 9800ಎಕ್ಸ್3ಡಿ ಬಂತು, 479 ಡಾಲರ್. ಇಂಟೆಲ್‌ನಲ್ಲಿ 20 ಕೋರ್: 8 ದೊಡ್ಡವು, 12 ಚಿಕ್ಕವು. ಒಂದೇ ಕೋರ್ ಎರಡು ಕೆಲಸ (ಥ್ರೆಡ್) ಒಟ್ಟಿಗೆ ಹಿಡಿಯುವ ಹೈಪರ್‌ಥ್ರೆಡಿಂಗ್ ತೆಗೆದುಹಾಕಿದ್ದಾರೆ. ಎಎಂಡಿಯಲ್ಲಿ 8 ಕೋರ್, 16 ಥ್ರೆಡ್. ಎಣಿಸಿದರೆ ಇಂಟೆಲ್ ಮುಂದೆ. ಆದರೆ ಎಎಂಡಿಯಲ್ಲಿ ಎಲ್3 ಕ್ಯಾಶ್ (ಚಿಪ್‌ನ ಒಳಗಿನ ವೇಗದ ಮೆಮೊರಿ) 96 ಎಂಬಿ, ಇಂಟೆಲ್‌ನಲ್ಲಿ 30. ಗೇಮ್‌ಗಳ ಮಟ್ಟಿಗೆ ಇದೇ ದೊಡ್ಡ ವ್ಯತ್ಯಾಸ. ಬೇಕಾದ ಡೇಟಾ ಚಿಪ್‌ನ ಒಳಗೇ ಸಿಕ್ಕರೆ ಪ್ರೊಸೆಸರ್ ಪದೇ ಪದೇ ರ‍್ಯಾಮ್‌ವರೆಗೆ ಹೋಗಿ ಕಾಯಬೇಕಿಲ್ಲ.

ಹಿಂದಿನ 7800ಎಕ್ಸ್3ಡಿಯಲ್ಲೂ ಇಷ್ಟೇ ಕ್ಯಾಶ್ ಇತ್ತು. ಆದರೆ ಅದನ್ನು ಕೋರ್‌ಗಳ ಮೇಲೆ ಕೂರಿಸಿದ್ದರು. ಕೋರ್‌ನ ಬಿಸಿ ಆ ಪದರ ದಾಟಿಕೊಂಡು ಕೂಲರ್‌ಗೆ ಬರಬೇಕಿತ್ತು, ಅದಕ್ಕೇ ವೇಗಕ್ಕೆ ಕಡಿವಾಣ ಹಾಕಿದ್ದರು. ಈ ಸಲ ಕ್ಯಾಶ್ ಕೆಳಗೆ, ಕೋರ್ ಮೇಲೆ. ಮೂಲ ವೇಗ 4.2 ಗಿಗಾಹರ್ಟ್ಸ್‌ನಿಂದ 4.7ಕ್ಕೆ ಏರಿತು. ಓವರ್‌ಕ್ಲಾಕಿಂಗ್‌ಗೂ (ನಿಗದಿತ ವೇಗಕ್ಕಿಂತ ಮೇಲೆ ಓಡಿಸುವುದಕ್ಕೂ) ಬಾಗಿಲು ತೆರೆಯಿತು. ಇನ್ನೊಂದು ತಮಾಷೆ: ಎಎಂಡಿ ಅಭಿಮಾನಿಗಳೂ ಇಂಟೆಲ್ ಅಭಿಮಾನಿಗಳೂ ಇಷ್ಟೆಲ್ಲ ಕಿತ್ತಾಡುತ್ತಾರಲ್ಲ, ಎರಡರ ಕೋರ್‌ಗಳೂ ತಯಾರಾಗುವುದು ತೈವಾನಿನ ಟಿಎಸ್‌ಎಂಸಿಯಲ್ಲೇ.

ಈಗ ಗೇಮ್ ವಿಷಯ. ಸೈಬರ್‌ಪಂಕ್ 2077 ಅನ್ನು 1440ಪಿ ರೆಸೊಲ್ಯೂಶನ್‌ನಲ್ಲಿ, ಸೆಟ್ಟಿಂಗ್ ಎಲ್ಲ ಮೇಲೆತ್ತಿ, ರೇ ಟ್ರೇಸಿಂಗ್ ಹಾಕಿ ಆಡಿದೆ. ಕಣ್ಣು ಮುಚ್ಚಿಸಿ ಕೂರಿಸಿದ್ದರೆ ಯಾವ ಮಷೀನ್ ಅಂತ ಹೇಳಲು ಆಗುತ್ತಿರಲಿಲ್ಲ. ಗ್ರಾಫಿಕ್ಸ್ ಕಾರ್ಡ್ 99% ಲೋಡಿನಲ್ಲಿ ಏದುಸಿರು ಬಿಡುತ್ತಿತ್ತು, ಪ್ರೊಸೆಸರ್ ಆರಾಮಾಗಿ ಕೂತಿತ್ತು. ಕೌಂಟರ್ ಸ್ಟ್ರೈಕ್ 2ರಲ್ಲಿ 1080ಪಿ, ಲೋ ಸೆಟ್ಟಿಂಗ್ ಮಾಡಿದಾಗ ಕಥೆ ಬೇರೆ. ಎಎಂಡಿ ಎದ್ದು ಕಾಣುವಷ್ಟು ಮುಂದೆ. ಹೊಗೆ ಬಾಂಬ್ ಬಿದ್ದು ಎಲ್ಲರೂ ಒಟ್ಟಿಗೆ ನುಗ್ಗುವಾಗಲೂ ಫ್ರೇಮ್ ಕುಸಿಯುವುದು ಕಡಿಮೆ. ಆದರೆ ನನ್ನ ಮಾನಿಟರ್ 165 ಹರ್ಟ್ಸ್, ಅಂದರೆ ಸೆಕೆಂಡಿಗೆ 165 ಫ್ರೇಮ್ ತೋರಿಸುತ್ತದೆ. ಅದಕ್ಕಿಂತ ಮೇಲಿನ ಫ್ರೇಮ್‌ಗಳನ್ನು ಅದು ಪೂರ್ತಿಯಾಗಿ ತೋರಿಸುವುದೇ ಇಲ್ಲ. 360 ಹರ್ಟ್ಸ್ ಇಟ್ಟುಕೊಂಡು ಟೂರ್ನಮೆಂಟ್ ಆಡುವವರಿಗೆ ಮಾತ್ರ ಇದು ನಿಜವಾದ ಲಾಭ.

ನನ್ನನ್ನು ಒಪ್ಪಿಸಿದ್ದು ಫ್ಲೈಟ್ ಸಿಮ್ಯುಲೇಟರ್. ಮೇಲೆ ಹಾರುವಾಗ ಎರಡೂ ಸಲೀಸು. ಪರೀಕ್ಷೆ ಶುರುವಾಗುವುದು ಇಳಿಯುವಾಗ. ದೇವನಹಳ್ಳಿ ರನ್‌ವೇ ಎದುರಿಗೆ ಬರುತ್ತಿದ್ದಂತೆ ಕೆಳಗೆ ಕಟ್ಟಡ, ಮರ, ನಿಂತ ವಿಮಾನಗಳು ಎಲ್ಲ ಒಟ್ಟಿಗೆ ಲೋಡ್ ಆಗುತ್ತವೆ. 265ಕೆಯಲ್ಲಿ ನೆಲ ಹತ್ತಿರವಾದ ಹಾಗೆ ಚಿತ್ರ ಆಗೊಮ್ಮೆ ಈಗೊಮ್ಮೆ ತಡವರಿಸಿತು. 9800ಎಕ್ಸ್3ಡಿಯಲ್ಲಿ ಅದು ತುಂಬಾ ಕಡಿಮೆ. ಸರಾಸರಿ ಫ್ರೇಮ್ ಲೆಕ್ಕದಲ್ಲಿ ಇದು ಕಾಣುವುದಿಲ್ಲ, ಕೈಯಲ್ಲಿ ಜಾಯ್‌ಸ್ಟಿಕ್ ಹಿಡಿದವನಿಗೆ ಗೊತ್ತಾಗುತ್ತದೆ. ಸಿಮ್ಯುಲೇಟರ್ ಹುಚ್ಚು ಇರುವವರು ಎರಡನೇ ಯೋಚನೆ ಮಾಡಬೇಡಿ. 265ಕೆ ಬಗ್ಗೆ ಹೇಳಬೇಕಾದ್ದು: ಬಿಡುಗಡೆ ಅಂದುಕೊಂಡ ಹಾಗೆ ಆಗಲಿಲ್ಲ ಅಂತ ಇಂಟೆಲ್ ತಾನೇ ಒಪ್ಪಿಕೊಂಡು, ಆಮೇಲೆ ಬಯಾಸ್ (ಮದರ್‌ಬೋರ್ಡ್‌ನ ಮೂಲ ಸಾಫ್ಟ್‌ವೇರ್) ಮತ್ತು ವಿಂಡೋಸ್ ಅಪ್‌ಡೇಟ್‌ಗಳ ಮೂಲಕ ಸುಧಾರಿಸಿತು. ಹಾಗಾಗಿ ಮೊದಲ ವಾರದ ರಿವ್ಯೂಗಳನ್ನೇ ಹಿಡಿದು ಕೂರುವುದು ಸರಿಯಲ್ಲ.

ಎಡಿಟಿಂಗ್‌ಗೆ ಬಂದರೆ ಆಟ ತಿರುಗುತ್ತದೆ. ತಮ್ಮನ ಕ್ಯಾಮೆರಾ ಸೋನಿಯದು. ಅದರ ಫೈಲ್‌ಗಳು 10-ಬಿಟ್, 4:2:2, ಎಚ್.265, ಅಂದರೆ ಬಣ್ಣದ ವಿವರ ಜಾಸ್ತಿ ಇಟ್ಟು ಬಿಗಿಯಾಗಿ ಕುಗ್ಗಿಸಿದ ವಿಡಿಯೋ. ಇಂಥ ಫೈಲನ್ನು ಬಿಡಿಸಿ ತೋರಿಸುವ ಹಾರ್ಡ್‌ವೇರ್ 265ಕೆ ಒಳಗಿನ ಗ್ರಾಫಿಕ್ಸ್‌ನಲ್ಲಿದೆ, ಹೆಸರು ಕ್ವಿಕ್ ಸಿಂಕ್. 9800ಎಕ್ಸ್3ಡಿಯಲ್ಲಿ ಇಲ್ಲ, ಆರ್‌ಟಿಎಕ್ಸ್ 40 ಸರಣಿಯ ಕಾರ್ಡ್‌ಗಳಲ್ಲೂ ಇಲ್ಲ. ಪ್ರೀಮಿಯರ್ ಪ್ರೊದಲ್ಲಿ ಮುಹೂರ್ತದ ಶಾಟ್‌ಗಳನ್ನು ಟೈಮ್‌ಲೈನ್‌ಗೆ ಹಾಕಿ ಹಿಂದೆ ಮುಂದೆ ಎಳೆದರೆ ಇಂಟೆಲ್‌ನಲ್ಲಿ ಚಿತ್ರ ಬೆರಳಿನ ಜೊತೆಗೇ ಓಡುತ್ತಿತ್ತು. ನನ್ನ ಮಷೀನ್‌ನಲ್ಲಿ ಎಂಟೂ ಕೋರ್ ದುಡಿದರೂ ಅಕ್ಷತೆ ಮೇಲಕ್ಕೆ ಹೋಗಿ ಅಲ್ಲೇ ನಿಂತುಬಿಡುತ್ತಿತ್ತು. ಪ್ರಾಕ್ಸಿ (ಎಡಿಟಿಂಗ್‌ಗೆ ಮಾತ್ರ ಬಳಸುವ ಹಗುರ ನಕಲು) ಮಾಡಿಕೊಂಡರೆ ಸರಿಹೋಗುತ್ತದೆ, ನಿಜ. ಆದರೆ ಸೀಸನ್‌ನಲ್ಲಿ ದಿನಕ್ಕೊಂದು ಮದುವೆ ಇರುವವನಿಗೆ ಅಷ್ಟು ಪುರುಸೊತ್ತು ಎಲ್ಲಿ? “ಅಣ್ಣಾ, ನಿಂದು ಗೇಮಿಗೇ ಇರಲಿ ಬಿಡು” ಅಂದ.

ಎರಡು ಎಚ್ಚರಿಕೆ. ಅಗ್ಗ ಅಂತ 265ಕೆಎಫ್ ತಗೊಂಡರೆ ಒಳಗೆ ಗ್ರಾಫಿಕ್ಸೇ ಇರುವುದಿಲ್ಲ, ಕ್ವಿಕ್ ಸಿಂಕ್ ಹೋಯಿತು. ಇನ್ನು ನಿಮ್ಮದು ಆರ್‌ಟಿಎಕ್ಸ್ 50 ಸರಣಿಯ ಕಾರ್ಡ್ ಆದರೆ ಅದೇ 4:2:2 ಬಿಡಿಸುತ್ತದೆ. ಆಗ ಇಂಟೆಲ್‌ನ ಈ ಮೇಲುಗೈ ಬಹುಪಾಲು ಕರಗುತ್ತದೆ.

ಬ್ಲೆಂಡರ್ ರೆಂಡರ್, ಕೋಡ್ ಕಂಪೈಲ್ ಥರದ ಎಲ್ಲ ಕೋರ್ ಬಳಸುವ ಕೆಲಸದಲ್ಲಿ 20 ಕೋರ್ ಗೆಲ್ಲುತ್ತದೆ. ಸಿನಿಬೆಂಚ್ ಎಂಬ ವೇಗ ಪರೀಕ್ಷೆಯಲ್ಲಿ ಹೆಚ್ಚುಕಡಿಮೆ ಒಂದೂವರೆ ಪಟ್ಟು. ಅದಕ್ಕೆ ಕೊಡಬೇಕಾದ ಕರೆಂಟೂ ಜಾಸ್ತಿ. 265ಕೆ ಪೂರ್ತಿ ದುಡಿದರೆ 250 ವಾಟ್‌ವರೆಗೆ ಹೋಗಬಲ್ಲದು, 9800ಎಕ್ಸ್3ಡಿ 162ಕ್ಕೆ ನಿಲ್ಲುತ್ತದೆ. 1 ಕೆವಿಎ ಯುಪಿಎಸ್ ಸಾಮಾನ್ಯವಾಗಿ 600 ವಾಟ್ ಕೊಡುತ್ತದೆ ಅಂದುಕೊಳ್ಳಿ. ಗ್ರಾಫಿಕ್ಸ್ ಕಾರ್ಡಿಗೆ 220, ಪ್ರೊಸೆಸರ್‌ಗೆ 250, ಮಾನಿಟರ್, ಫ್ಯಾನ್ ಎಲ್ಲ ಸೇರಿಸಿದರೆ ಕರೆಂಟ್ ಹೋದ ತಕ್ಷಣ ಯುಪಿಎಸ್ ಕಿರುಚಿಕೊಳ್ಳುತ್ತದೆ. ಅದೂ ಬಳ್ಳಾರಿಯ ಏಪ್ರಿಲ್! ಬಯಾಸ್‌ನಲ್ಲಿ 125 ವಾಟ್ ಮಿತಿ ಹಾಕಿ ಕಳಿಸಿದೆ. ರೆಂಡರ್ ಸ್ವಲ್ಪ ನಿಧಾನ, ಕೂಲರ್ ಸದ್ದು ಅರ್ಧಕ್ಕರ್ಧ ಕಡಿಮೆ. ಸುಮ್ಮನೆ ಬ್ರೌಸರ್ ತೆರೆದು ಕೂತಿದ್ದಾಗ ಮಾತ್ರ ಇಂಟೆಲ್ಲೇ ಕಡಿಮೆ ಕುಡಿಯುತ್ತದೆ.

ಮದರ್‌ಬೋರ್ಡ್ ವಿಷಯದಲ್ಲಿ ನಾನು ಎಎಂಡಿ ಕಡೆ. ಎಎಂ5 ಸಾಕೆಟ್ 2022ರದ್ದು, ಹಳೆಯ ಬಿ650 ಬೋರ್ಡೂ ನಡೆಯುತ್ತದೆ. 265ಕೆಗೆ ಹೊಸ ಎಲ್‌ಜಿಎ 1851 ಬೋರ್ಡೇ ಬೇಕು. ಹಳೆ ಡಿಡಿಆರ್4 ಮೆಮೊರಿ ಎರಡಕ್ಕೂ ಆಗುವುದಿಲ್ಲ.

ಮೂರನೆಯದೊಂದು ಇದೆ, ರೈಜೆನ್ 7 9700ಎಕ್ಸ್. ಬಂದಾಗ 359 ಡಾಲರ್. ಅದೇ ಎಂಟು ಝೆನ್ 5 ಕೋರ್, ಹೆಚ್ಚುವರಿ ಕ್ಯಾಶ್ ಇಲ್ಲ, 65 ವಾಟ್. 1440ಪಿಯಲ್ಲಿ ಕಥೆ ಇರುವ ದೊಡ್ಡ ಗೇಮ್‌ಗಳನ್ನು ಆಡುವವರಿಗೆ ನಾನು ಹೇಳುವುದು ಇದನ್ನೇ. ಉಳಿದ ದುಡ್ಡನ್ನು ಗ್ರಾಫಿಕ್ಸ್ ಕಾರ್ಡಿಗೆ ಹಾಕಿ, ಅಲ್ಲಿ ಕಣ್ಣಿಗೆ ಕಾಣುತ್ತದೆ.

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೊಳ್ಳುವುದಾದರೆ 18% ಜಿಎಸ್‌ಟಿ ಸೇರಿದ ಬಿಲ್ಲಿನ ಬೆಲೆಯನ್ನೇ ಕೇಳಿ. ಬಿ650 ತಗೊಂಡರೆ ಅದರ ಬಯಾಸ್ 9000 ಸರಣಿಗೆ ಅಪ್‌ಡೇಟ್ ಆಗಿದೆಯಾ ಅಂತ ಅಂಗಡಿಯಲ್ಲೇ ನೋಡಿಸಿಕೊಳ್ಳಿ, ಇಲ್ಲದಿದ್ದರೆ ಮನೆಯಲ್ಲಿ ಡಿಸ್‌ಪ್ಲೇ ಬರುವುದಿಲ್ಲ. ಮೊದಲ ಸಲ ಆನ್ ಮಾಡಿದಾಗ ಡಿಡಿಆರ್5 ಮೆಮೊರಿಯನ್ನು ಹೊಂದಿಸಿಕೊಳ್ಳಲು ಬೋರ್ಡ್ ಕೆಲವು ನಿಮಿಷ ತಗೊಳ್ಳಬಹುದು. ಪರದೆ ಕಪ್ಪಗಿದೆ ಅಂತ ಗಾಬರಿಯಾಗಿ ಸ್ವಿಚ್ ಆಫ್ ಮಾಡಬೇಡಿ.