ಚಿಲ್ಲರೆಯಲ್ಲಿ ನಾಣ್ಯ ಹುಡುಕುವವರ ಕಿಟ್: ಭೂತಗನ್ನಡಿಗೆ ಕೊಟ್ಟದ್ದು ಸಾರ್ಥಕ, ಆಲ್ಬಮ್ಮಿಗೆ ಕೊಟ್ಟದ್ದು ದಂಡ

ವಾರಕ್ಕೊಮ್ಮೆ, ರಾತ್ರಿ ಬಾಗಿಲು ಹಾಕುವ ಹೊತ್ತಿಗೆ, ಚಿಕ್ಕಪ್ಪನವರ ಕಿರಾಣಿ ಅಂಗಡಿಯ ಗಲ್ಲಾಪೆಟ್ಟಿಗೆಯನ್ನು ತಡಕಾಡುವುದು ನನಗೆ ಹಲವು ವರ್ಷಗಳ ರೂಢಿ. ಐನೂರರ ಒಂದು ನೋಟು ಕೊಟ್ಟು ಅಷ್ಟೇ ಮೊತ್ತದ ಚಿಲ್ಲರೆಯನ್ನು ಮನೆಗೆ ತಂದು, ಬೇಕಾದ ನಾಲ್ಕೈದು ನಾಣ್ಯಗಳನ್ನು ಆರಿಸಿಕೊಂಡು, ಉಳಿದದ್ದನ್ನು ಮರುದಿನ ಹಿಂದಿರುಗಿಸುತ್ತೇನೆ. ಈ ಕೆಲಸಕ್ಕೆ ಅನುಕೂಲವಾಗಲೆಂದು ಕಳೆದ ಬೇಸಿಗೆಯಲ್ಲಿ 649 ರೂಪಾಯಿ ಕೊಟ್ಟು ಆನ್‌ಲೈನಿನಲ್ಲಿ ಒಂದು ಕಿಟ್ ತರಿಸಿದೆ. ಇದೇ ಸರಕು ನಾಲ್ಕಾರು ಬೇರೆ ಬೇರೆ ಹೆಸರುಗಳಲ್ಲಿ ಮಾರಾಟವಾಗುತ್ತಿರುವುದರಿಂದ ತಯಾರಕರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಪೆಟ್ಟಿಗೆಯಲ್ಲಿ ಹತ್ತು ಪಟ್ಟು ಹಿಗ್ಗಿಸುವ ಮಡಚುವ ಭೂತಗನ್ನಡಿ, 120 ಕಿಸೆಗಳ ಆಲ್ಬಮ್, ಬೆರಳುದ್ದದ ಅಯಸ್ಕಾಂತ ಮತ್ತು ಎಂಟು ಪುಟಗಳ ಕೈಪಿಡಿ ಇದ್ದವು.

ಭೂತಗನ್ನಡಿಯ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ನಮ್ಮ ನಾಣ್ಯಗಳಲ್ಲಿ ಇಸವಿಯ ಕೆಳಗಿರುವ ಸಣ್ಣ ಗುರುತೇ ಅದು ಯಾವ ಟಂಕಸಾಲೆಯಲ್ಲಿ ಅಚ್ಚಾಯಿತೆಂಬುದನ್ನು ಹೇಳುತ್ತದೆ. ವಜ್ರದಾಕಾರ ಮುಂಬೈಯದು, ನಕ್ಷತ್ರ ಹೈದರಾಬಾದಿನದು, ದುಂಡನೆಯ ಚುಕ್ಕೆ ನೊಯಿಡಾದ್ದು, ಏನೂ ಇಲ್ಲದಿದ್ದರೆ ಕೋಲ್ಕತ್ತದ್ದು. ಹೇಳುವುದಕ್ಕೆ ಇದು ಸುಲಭ; ಆದರೆ ಇಪ್ಪತ್ತು ವರ್ಷ ಕೈಯಿಂದ ಕೈಗೆ ಓಡಾಡಿ ಸವೆದ ಒಂದು ರೂಪಾಯಿಯ ಮೇಲೆ ಹೈದರಾಬಾದಿನ ನಕ್ಷತ್ರವು ಬರಿಗಣ್ಣಿಗೆ ನೊಯಿಡಾದ ಚುಕ್ಕೆಯಂತೆಯೇ ಕಾಣುತ್ತದೆ. ಗಾಜನ್ನು ಕಣ್ಣಿಗೆ ಒತ್ತಿ ಹಿಡಿದು, ಮೇಜಿನ ದೀಪದ ಬೆಳಕು ಪಕ್ಕದಿಂದ ಬೀಳುವಂತೆ ನಾಣ್ಯವನ್ನು ಓರೆ ಮಾಡಿದರೆ ಮಾತ್ರ ನಕ್ಷತ್ರದ ಮೊನೆಗಳು ಒಂದೊಂದಾಗಿ ಮೇಲೇಳುತ್ತವೆ.

ಎರಡನೆಯ ವಾರದಲ್ಲೇ ಈ ಗಾಜು ತನ್ನ ಬೆಲೆಯನ್ನು ತೀರಿಸಿತು. 1998ರ ಒಂದು ರೂಪಾಯಿಯಲ್ಲಿ ಇಸವಿಯ ಕೆಳಗೆ ಮಸಿಯ ಕಲೆಯೆಂದು ನಾನು ಉಗುರಿನಿಂದ ಕೆರೆಯಲು ಹೊರಟದ್ದು ನಿಜವಾಗಿ ‘ಎಂಕೆ’ ಎಂಬ ರೋಮನ್ ಅಕ್ಷರಗಳು, ಅಂದರೆ ಸ್ಲೊವಾಕಿಯಾದ ಕ್ರೆಮ್ನಿತ್ಸಾ ಟಂಕಸಾಲೆಯ ಗುರುತು. ಆಗ ದೇಶದಲ್ಲಿ ಚಿಲ್ಲರೆಗೆ ತೀವ್ರ ಅಭಾವವಿದ್ದು, ಸರ್ಕಾರವು ಹೊರದೇಶಗಳಲ್ಲಿಯೂ ನಾಣ್ಯ ಅಚ್ಚುಹಾಕಿಸಿ ತರಿಸಿಕೊಂಡಿತ್ತು. 1997ರ ಒಂದು ರೂಪಾಯಿಯಲ್ಲಿ ಮೆಕ್ಸಿಕೋದ ಗುರುತು, 1999 ಮತ್ತು 2000ರ ಐದು ರೂಪಾಯಿಗಳಲ್ಲಿ ಮಾಸ್ಕೋದ ಗುರುತು ಸಿಗುವುದು ಇದೇ ಕಾರಣಕ್ಕೆ. ಅಷ್ಟು ದೂರದಿಂದ ಬಂದ ನಾಣ್ಯವೊಂದು ನಮ್ಮೂರಿನಲ್ಲಿ ಬೆಂಕಿಪೊಟ್ಟಣದ ಚಿಲ್ಲರೆಯಾಗಿ ಗಲ್ಲಾಕ್ಕೆ ಬಿದ್ದಿತ್ತು.

ಅಯಸ್ಕಾಂತ ಸಣ್ಣದಾದರೂ ಉಪಯುಕ್ತ. ಹಳೆಯ ದಪ್ಪ ಐದು ರೂಪಾಯಿ ತಾಮ್ರ-ನಿಕ್ಕಲ್ ಮಿಶ್ರಲೋಹದ್ದು, ಒಂಬತ್ತು ಗ್ರಾಂ ತೂಗುತ್ತದೆ ಮತ್ತು ಅಯಸ್ಕಾಂತಕ್ಕೆ ಅಂಟುವುದಿಲ್ಲ. 2007ರ ನಂತರ ಬಂದ ಆರು ಗ್ರಾಮಿನ ಉಕ್ಕಿನ ನಾಣ್ಯ ಟಕ್ಕನೆ ಅಂಟಿಕೊಳ್ಳುತ್ತದೆ. ರಾಶಿಯನ್ನು ಬೇಗ ಬೇರ್ಪಡಿಸಲು ಇಷ್ಟು ಸಾಕು.

ದೂರು ಇರುವುದು ಆಲ್ಬಮ್ಮಿನ ಮೇಲೆ. ಇಸವಿಗೊಂದರಂತೆ ಕಿಸೆ ಮಾಡಿದ್ದಾರೆಯೇ ಹೊರತು ಟಂಕಸಾಲೆಗೊಂದರಂತೆ ಮಾಡಿಲ್ಲ. ಹಾಗಿದ್ದ ಮೇಲೆ ಭೂತಗನ್ನಡಿಯನ್ನು ಜೊತೆಗೆ ಕೊಟ್ಟ ಉದ್ದೇಶವೇನೆಂದು ಕೇಳಬೇಕಾಗುತ್ತದೆ. ಬಸವೇಶ್ವರರ ಚಿತ್ರವಿರುವ 2006ರ ಐದು ರೂಪಾಯಿಗೆ ಇಲ್ಲಿ ಜಾಗವಿಲ್ಲ. ಹತ್ತು ರೂಪಾಯಿಗೆ ಇರುವುದು ಬರೀ ನಾಲ್ಕು ಕಿಸೆ. 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಪ್ರಕಟಣೆಯಲ್ಲಿಯೇ ಹತ್ತು ರೂಪಾಯಿಗೆ ಹದಿನಾಲ್ಕು ವಿನ್ಯಾಸಗಳಿವೆಯೆಂದೂ ಎಲ್ಲವೂ ಚಲಾವಣೆಗೆ ಅರ್ಹವೆಂದೂ ಸ್ಪಷ್ಟಪಡಿಸಲಾಗಿತ್ತು. ಗಿರಾಕಿಗಳು ಹತ್ತರ ನಾಣ್ಯವನ್ನು ಕೊಡಲು ಸಿದ್ಧ, ಪಡೆಯಲು ಸಿದ್ಧರಿಲ್ಲ. ಹೀಗಾಗಿ ಅದು ಗಲ್ಲಾದಲ್ಲೇ ಬಿದ್ದಿರುತ್ತದೆ. “ನಿನ್ನ ದೆಸೆಯಿಂದ ಆದರೂ ಇವು ಖಾಲಿಯಾಗಲಿ, ತಗೊಂಡು ಹೋಗಪ್ಪ” ಎಂದು ಚಿಕ್ಕಪ್ಪ ನನ್ನ ಕಡೆಗೆ ತಳ್ಳಿದ ರಾಶಿಯಲ್ಲಿ ಒಂದೇ ರಾತ್ರಿ ಒಂಬತ್ತು ವಿನ್ಯಾಸಗಳು ಸಿಕ್ಕವು; ಐದನ್ನು ಬೇರೆ ಡಬ್ಬಿಗೆ ಹಾಕಬೇಕಾಯಿತು.

ಇದಕ್ಕಿಂತ ಗಂಭೀರವಾದದ್ದು ಹಾಳೆಗಳ ಗುಣಮಟ್ಟ. ತೆರೆದ ದಿನವೇ ಹೊಸ ರೇನ್‌ಕೋಟಿನಂಥ ವಾಸನೆ ಬಂದಿತ್ತು. ಅದು ನಾಣ್ಯಗಳನ್ನು ಹಾಳುಮಾಡುವ ಮೆದು ಪಿವಿಸಿ ಪ್ಲಾಸ್ಟಿಕ್ಕಿನ ಲಕ್ಷಣವೆಂದು ಗೊತ್ತಿದ್ದೂ ನಾನು ಉದಾಸೀನ ಮಾಡಿದೆ. ಮಳೆಗಾಲ ಮುಗಿಯುವಷ್ಟರಲ್ಲಿ ತಾಮ್ರ-ನಿಕ್ಕಲ್ಲಿನ ಆರು ನಾಣ್ಯಗಳ ಅಂಚಿನಲ್ಲಿ ಹಸಿರು ಬಣ್ಣದ ಅಂಟು ಕುಳಿತಿತ್ತು. ಚಿಕ್ಕಮ್ಮ ಅವುಗಳಲ್ಲಿ ಒಂದನ್ನು ಹಿತ್ತಾಳೆಯ ದೀಪದ ಜೊತೆಗೇ ಹುಣಸೆಹಣ್ಣು ಹಾಕಿ ಫಳಫಳ ತಿಕ್ಕಿಟ್ಟರು, ಪಾಪ, ಉಪಕಾರವೆಂದೇ ಭಾವಿಸಿ; ತಿಕ್ಕಿ ಮೇಲ್ಮೈ ಸವೆಸಿದ ಮೇಲೆ ಸಂಗ್ರಾಹಕರ ಲೆಕ್ಕದಲ್ಲಿ ಆ ನಾಣ್ಯ ಅಲ್ಲಿಗೆ ಮುಗಿಯಿತು. ಉಳಿದ ಐದನ್ನು ಉಜ್ಜದೆ, ಆ ಅಂಟನ್ನು ಕರಗಿಸುವ ಶುದ್ಧ ಅಸಿಟೋನ್ ದ್ರವದಲ್ಲಿ ಅದ್ದಿ ತೆಗೆದು ಉಳಿಸಿಕೊಂಡೆ. ಮಾರಾಟಗಾರರಿಗೆ ಫೋಟೋ ಸಮೇತ ಬರೆದಾಗ ತಕರಾರಿಲ್ಲದೆ ಬದಲಿ ಹಾಳೆಗಳನ್ನು ಕಳಿಸಿದರು. ಅವುಗಳಲ್ಲಿಯೂ ಅದೇ ವಾಸನೆಯಿತ್ತು.

ಕೈಪಿಡಿಯಂತೂ ಹಾನಿಕರವೆನ್ನಬೇಕು. ವೈಷ್ಣೋದೇವಿಯ ಚಿತ್ರವಿರುವ 2012ರ ನಾಣ್ಯಕ್ಕೆ ಲಕ್ಷಗಟ್ಟಲೆ ಬೆಲೆಯಿದೆಯೆಂದು ಅದರಲ್ಲಿ ಅಚ್ಚು ಮಾಡಿದ್ದಾರೆ. ಆ ನಾಣ್ಯವನ್ನು ನಾನು ಎರಡು ಸಲ ಸಾಮಾನ್ಯ ಚಿಲ್ಲರೆಯಾಗಿಯೇ ಪಡೆದಿದ್ದೇನೆ. ಇಂಥ ಆಸೆ ಹುಟ್ಟಿಸಿ, ರಿಸರ್ವ್ ಬ್ಯಾಂಕಿನ ಹೆಸರು ಹೇಳಿಕೊಂಡು, ಹಳೆಯ ನಾಣ್ಯ ಮಾರಿಸಿಕೊಡುವುದಾಗಿ ಶುಲ್ಕ, ಕಮಿಷನ್ ಕೀಳುವವರ ಬಗ್ಗೆ ಆ ಬ್ಯಾಂಕೇ 2021ರ ಆಗಸ್ಟಿನಲ್ಲಿ ಎಚ್ಚರಿಕೆ ಕೊಟ್ಟಿದೆ. ಮಕ್ಕಳಿಗೆ ಕಿಟ್ ಕೊಡಿಸುವವರು ಈ ಎಂಟು ಪುಟಗಳನ್ನು ಮೊದಲೇ ತೆಗೆದಿಡುವುದು ಒಳ್ಳೆಯದು.

ನನ್ನ ಶಿಫಾರಸು ಇಷ್ಟು: ಕಿಟ್ ಬೇಡ. ಹತ್ತು ಪಟ್ಟಿನ ಭೂತಗನ್ನಡಿಯನ್ನು ಬಿಡಿಯಾಗಿ ಕೊಳ್ಳಿ. ಗಡಿಯಾರ ರಿಪೇರಿಯವರ ಸಾಮಾನು ಮಾರುವ ಅಂಗಡಿಯಲ್ಲಿ ನನ್ನ ಗೆಳೆಯರೊಬ್ಬರಿಗೆ ಇಂಥದ್ದೇ ಗಾಜು 180 ರೂಪಾಯಿಗೆ ಸಿಕ್ಕಿತು. ನಾಣ್ಯಗಳಿಗೆ ಪಿವಿಸಿ ಇಲ್ಲದ, ನಡುವೆ ಕಿಂಡಿಯಿರುವ ಚೌಕದ ರಟ್ಟಿನ ಹೋಲ್ಡರುಗಳು ಸಾಕು. ಆದರೆ ನಾಣ್ಯವಿಟ್ಟು ರಟ್ಟನ್ನು ಮಡಚಿ ಸ್ಟೇಪ್ಲರ್ ಪಿನ್ ಹೊಡೆದ ಮೇಲೆ ಪಿನ್ನಿನ ತುದಿಗಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ, ಇಲ್ಲವಾದರೆ ಮೇಲಿಟ್ಟ ಹೋಲ್ಡರಿನ ನಾಣ್ಯಕ್ಕೆ ಗೀರು ಬೀಳುತ್ತದೆ.