200 ಜಿಎಸ್‌ಎಂ ಟಾರ್ಪಾಲು: ಒಂದು ಮಳೆಗಾಲ ಕಟ್ಟಿ ನೋಡಿದ ಮೇಲೆ

ನಮ್ಮದು ತೀರ್ಥಹಳ್ಳಿ ಕಡೆ. ಹೆಂಚಿನ ಮಾಡು, ಮಣ್ಣಿನ ಗೋಡೆಯ ಹಳೇ ಮನೆ. ಮಳೆಗಾಲ ಪೂರ್ತಿ ಪಶ್ಚಿಮದ ಗೋಡೆಗೆ ಇರಚಲು ಹೊಡೆಯುತ್ತಲೇ ಇರುತ್ತದೆ, ಅದರ ಒಳಗಡೆ ಅಜ್ಜಿ ಮಲಗುವ ಕೋಣೆ. ಮೊದಲೆಲ್ಲ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದೆವು. ಈಗ ಕಟ್ಟುವವರೇ ಸಿಗುವುದಿಲ್ಲ, ಹಾಗಾಗಿ ಟಾರ್ಪಾಲು.

ಆಚೆ ವರ್ಷ ಕಡಿಮೆ ಬೆಲೆಗೆ ಸಿಕ್ಕಿತು ಅಂತ ಒಂದು ತಂದಿದ್ದೆ. ಆರಿದ್ರಾ ಮಳೆ ತಡೆಯಿತು, ಪುನರ್ವಸು ಮಳೆಯ ಗಾಳಿಗೆ ಒಂದೇ ರಾತ್ರಿ ನಾಲ್ಕು ರಿಂಗು ಕಿತ್ತು ಬಂದವು. ಕರೆಂಟ್ ಇಲ್ಲ, ನಾನು ಮತ್ತು ತಮ್ಮ ಟಾರ್ಚ್ ಹಿಡಿದು ಹೊರಗೆ ನೆನೆಯುತ್ತಾ ಹಗ್ಗ ಬಿಗಿಯುತ್ತಿದ್ದರೆ, ಒಳಗೆ ಗೋಡೆ ಒದ್ದೆಯಾಗುತ್ತಿತ್ತು. ಅಜ್ಜಿಯನ್ನು ಎಬ್ಬಿಸಿ ಜಗಲಿಗೆ ಕರೆತಂದು ಮಲಗಿಸಿದೆವು. ಆ ಭಯ ಇನ್ನೂ ಹೋಗಿಲ್ಲ. ಪ್ಯಾಕೆಟ್ ಮೇಲೆ 150 ಜಿಎಸ್‌ಎಂ ಅಂತ ಇತ್ತು, ಆಮೇಲೆ ತೂಗಿದರೆ 2 ಕೆಜಿಯೂ ಇರಲಿಲ್ಲ.

ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಟಾರ್ಪಾಲು ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ, ಅಷ್ಟೇ. 12 ಅಡಿ 18 ಅಡಿಯದ್ದು ಸುಮಾರು 20 ಚದರ ಮೀಟರ್ ಆಗುತ್ತದೆ. 150 ಆದರೆ 3 ಕೆಜಿ ಬರಬೇಕು, 200 ಆದರೆ 4 ಕೆಜಿ. ಅಚ್ಚು ಹಾಕಿದ ನಂಬರ್ ನಂಬಬೇಡಿ, ತಕ್ಕಡಿ ನಂಬಿ.

ಕಳೆದ ಏಪ್ರಿಲ್‌ನಲ್ಲಿ ಶಿವಮೊಗ್ಗದ ಗಾಂಧಿ ಬಜಾರಿಗೆ ಹೋದಾಗ ಅಂಗಡಿಯವರಿಗೆ ಮೊದಲೇ ಹೇಳಿದೆ, "ಅಣ್ಣ, ತೂಗಿ ನೋಡಿ ತಗೊಳ್ತೀನಿ" ಅಂತ. ಅವರು ಬೇಸರ ಮಾಡದೆ ತಾವೇ ತಕ್ಕಡಿಗೆ ಇಟ್ಟರು. 4 ಕೆಜಿಗೆ ಸ್ವಲ್ಪ ಜಾಸ್ತಿಯೇ ಬಂತು. ಅಂಚು ಮಡಚಿ ಒಳಗೆ ಹಗ್ಗ ಕೂರಿಸಿದ್ದಾರೆ, ರಿಂಗುಗಳೂ ಗಟ್ಟಿ. 1,700 ರೂಪಾಯಿ ಆಯಿತು.

ಕಟ್ಟುವಾಗ ಒಂದು ಪಾಠ ಕಲಿತೆ. "ತಟ್ಟಿಯಾದ್ರೆ ಗಾಳಿ ಬಿಡುತ್ತೆ ಮಾರಾಯ, ಇದು ಬಿಡಲ್ಲ" ಅಂದಿದ್ದರು ಅಜ್ಜಿ. ನಿಜ. ಬಿಗಿಯಾಗಿ ಎಳೆದು ಕಟ್ಟಿದರೆ ಗಾಳಿಯ ಭಾರವೆಲ್ಲ ರಿಂಗಿನ ಮೇಲೆ ಬೀಳುತ್ತದೆ. ಅದಕ್ಕೆ ಕೆಳ ಅಂಚಿಗೆ ಬಿದಿರಿನ ಗಳ ಸೇರಿಸಿ, ಹಗ್ಗದ ಬದಲು ಹಳೇ ಸೈಕಲ್ ಟ್ಯೂಬ್ ಸೀಳಿ ಕಟ್ಟಿದೆ. ಗಾಳಿ ಬಂದರೆ ಹಿಗ್ಗುತ್ತದೆ, ಮತ್ತೆ ತನ್ನ ಜಾಗಕ್ಕೆ ಬರುತ್ತದೆ. ಗೋಡೆಗೆ ತಾಗದ ಹಾಗೆ ಒಂದು ಅಡಿ ಆಚೆಗೆ ಕಟ್ಟಿ, ತಾಗಿದರೆ ಗೋಡೆ ಬೆವರುತ್ತದೆ.

ಕೊರತೆ ಇಲ್ಲ ಅಂತಲ್ಲ. ನೀಲಿ ಬಣ್ಣ ತಂದು ಕೋಣೆ ಹಗಲಲ್ಲೇ ಕತ್ತಲಾಯಿತು, ಹಳದಿ ಸಿಕ್ಕರೆ ಅದನ್ನೇ ತನ್ನಿ. ಬೂಷ್ಟು ವಾಸನೆಯೂ ಬಂತು. ಹೊಳವಾದ ದಿನ ಸುರುಳಿ ಸುತ್ತಿ ಮೇಲೆ ಕಟ್ಟಿದರೆ ಪರವಾಗಿಲ್ಲ.

ಇನ್ನೊಂದು, ಮೇ ಕೊನೆವರೆಗೆ ಕಾಯಬೇಡಿ. 2021ರಲ್ಲಿ ತೌಕ್ತೆ ಚಂಡಮಾರುತ ಅರಬ್ಬಿ ಸಮುದ್ರದಲ್ಲಿ ಎದ್ದಿದ್ದು ಮೇ ಮಧ್ಯದಲ್ಲೇ ಅಲ್ವಾ? ಮುಂಗಾರಿಗೆ ಇನ್ನೂ ದಿನ ಇದೆ ಅಂದುಕೊಂಡು ನಾವು ಆಗ ಏನೂ ಕಟ್ಟಿರಲಿಲ್ಲ.

ಈ ವರ್ಷ ಬಿಚ್ಚಿ ನೋಡಿದೆ. ಒಂದು ರಿಂಗು ಮಾತ್ರ ಸಡಿಲವಾಗಿದೆ, ಬಟ್ಟೆ ಎಲ್ಲೂ ಹರಿದಿಲ್ಲ. ಕೊಟ್ಟಿಗೆಗೂ ಅದೇ ಅಂಗಡಿಯಿಂದ ಇನ್ನೊಂದು ತಂದಿದ್ದೇನೆ, ಈ ಸಲ ಹಳದಿಯದ್ದು.